ವಿಮೆಯ ಲೆಕ್ಕದ ಪುಸ್ತಕ ಯಾರು ತೆರೆದು ನೋಡಬಹುದು? ಕಣಗಿನಹಾಳದಿಂದ ಬಾಸೆಲ್‌ವರೆಗೆ ಒಂದು ಶತಮಾನದ ಕಥೆ

ಮುಂಗಾರು ಬಿತ್ತನೆ ಮುಗಿಯುತ್ತಿದ್ದಂತೆ ಧಾರವಾಡ ಜಿಲ್ಲೆಯ ಊರುಗಳಲ್ಲಿ ಬೆಳೆ ವಿಮೆಯ ಮಾತು ಶುರುವಾಗುತ್ತದೆ. ಹೆಸರು, ಶೇಂಗಾ, ಗೋವಿನಜೋಳ, ಹತ್ತಿ ಬಿತ್ತಿದವರು ಉತಾರ, ಆಧಾರ್, ಪಾಸ್‌ಬುಕ್ ಹಿಡಿದು ಬ್ಯಾಂಕಿಗೂ ಗ್ರಾಮ ಒನ್ ಕೇಂದ್ರಕ್ಕೂ ಓಡಾಡುತ್ತಾರೆ. ಮುಂದಿನ ವರ್ಷ ಪರಿಹಾರ ಜಮಾ ಆಗುವ ಹೊತ್ತಿಗೆ ಇನ್ನೊಂದು ಮಾತು ಕೇಳುತ್ತದೆ: ‘ಬಾಜೂ ಪಂಚಾಯ್ತಿಗೆ ಬಂತು, ನಮಗ್ಯಾಕ ಬರಲಿಲ್ಲ?’

ಈ ಪ್ರಶ್ನೆಗೆ ಉತ್ತರ ಇದೆ. ಆದರೆ ಅದು ರೈತನ ಕೈಗೆ ಸಿಗುವ ಜಾಗದಲ್ಲಿ ಇಲ್ಲ. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಬೀಜ ಕೊಳ್ಳುವಾಗ ಅಂಗೈಯಲ್ಲಿ ಹಾಕಿಕೊಂಡು ನೋಡುತ್ತೇವೆ. ವಿಮೆಯಲ್ಲಿ ನೋಡಲು ಏನೂ ಇಲ್ಲ. ಇವತ್ತು ದುಡ್ಡು ಕೊಟ್ಟು ನಾಳೆಯ ಒಂದು ಮಾತನ್ನು ಕೊಳ್ಳುತ್ತೇವೆ. ಆ ಮಾತು ಗಟ್ಟಿಯೋ ಪೊಳ್ಳೋ ಎಂದು ತಿಳಿಯಬೇಕಾದರೆ ಲೆಕ್ಕದ ಪುಸ್ತಕ ನೋಡಬೇಕು. ಹಾಗಾಗಿ ವಿಮೆಯ ಕಾನೂನಿನ ಇತಿಹಾಸ ಅಂದರೆ, ಆ ಪುಸ್ತಕವನ್ನು ಯಾರು, ಯಾವಾಗ ತೆರೆದು ನೋಡಬಹುದು ಎಂಬುದರ ಇತಿಹಾಸ. ಅದನ್ನೇ ಇಲ್ಲಿ ಸರಳವಾಗಿ ಹೇಳುವ ಪ್ರಯತ್ನ ಮಾಡಿದ್ದೇವೆ.

1905: ಸಭೆಯಲ್ಲಿ ಓದುವ ಲೆಕ್ಕ

ಕಥೆ ನಮ್ಮ ನೆಲದಿಂದಲೇ ಆರಂಭಿಸೋಣ. ಇವತ್ತು ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳ 1997ರವರೆಗೆ ಧಾರವಾಡ ಜಿಲ್ಲೆಯ ಹಳ್ಳಿ. 1904ರ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ದೇಶದ ಮೊದಲ ಕೃಷಿ ಸಹಕಾರ ಸಂಘ ಎಂದು ಅದಕ್ಕೆ ಹೆಸರಿದೆ.

ಸೊಸೈಟಿ ಎಂದರೆ ಏನು ಎಂದು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ. ಲೆಕ್ಕಪತ್ರ ಮಂಡನೆ. ಸಾಲ ಎಷ್ಟು ಹೋಯಿತು, ಎಷ್ಟು ಬಂತು ಎಂದು ಓದಿ ಹೇಳಬೇಕು. ಸದಸ್ಯ ಎದ್ದು ನಿಂತು ಕೇಳಬಹುದು. ಎಲ್ಲ ಸೊಸೈಟಿಗಳೂ ಸಾಚಾ ಎಂದು ನಾವು ಹೇಳುತ್ತಿಲ್ಲ. ಆದರೆ ನಿಯಮ ಏನಿದೆ ಎಂಬುದು ಮುಖ್ಯ: ದುಡ್ಡು ಹಾಕಿದವನಿಗೆ ಲೆಕ್ಕ ಕೇಳುವ ಜಾಗ ಇದೆ, ಅದು ಅವನ ಊರಲ್ಲೇ ಇದೆ, ಅವನ ಭಾಷೆಯಲ್ಲೇ ಇದೆ.

ಅದೇ ಕಾಲಕ್ಕೆ ವಿಮೆಯ ಪರಿಸ್ಥಿತಿ ಬೇರೆ ಇತ್ತು. ಸ್ವದೇಶಿ ಚಳವಳಿಯ ಹುರುಪಿನಲ್ಲಿ ದೇಶದಲ್ಲಿ ಹಲವು ವಿಮಾ ಕಂಪನಿಗಳು ಹುಟ್ಟಿದವು. ಕೆಲವು ನಿಂತವು, ಕೆಲವು ಮುಳುಗಿದವು. ಮುಳುಗುವವರೆಗೆ ಪಾಲಿಸಿದಾರನಿಗೆ ಒಳಗಿನ ಸಂಗತಿ ಗೊತ್ತಾಗುತ್ತಿರಲಿಲ್ಲ. 1912ರಲ್ಲಿ ಭಾರತೀಯ ಜೀವ ವಿಮಾ ಕಂಪನಿಗಳ ಕಾಯ್ದೆ ಬಂತು. ಕಂತಿನ ದರಪಟ್ಟಿಗೆ ವಿಮಾ ಗಣಿತ ಬಲ್ಲ ತಜ್ಞರ ಪ್ರಮಾಣಪತ್ರ ಬೇಕು, ಕಂಪನಿಯ ಹೊಣೆ ಎಷ್ಟು, ಆಸ್ತಿ ಎಷ್ಟು ಎಂದು ನಿಗದಿತ ಅವಧಿಗೆ ಲೆಕ್ಕ ಹಾಕಬೇಕು ಎಂದು ಅದು ಹೇಳಿತು. ಪುಸ್ತಕ ಮೊದಲ ಬಾರಿ ಸ್ವಲ್ಪ ತೆರೆಯಿತು. ಆದರೆ ನೋಡಿದವರು ತಜ್ಞರು ಮತ್ತು ಸರ್ಕಾರ, ಕಂತು ಕಟ್ಟಿದವರಲ್ಲ.

ಮೈಸೂರಿನ ಅಧಿಕಾರಿಯೊಬ್ಬರ ಮಳೆ ಲೆಕ್ಕ

ಬೆಳೆ ವಿಮೆ ದಿಲ್ಲಿಯಿಂದ ಬಂದ ಹೊಸ ಯೋಜನೆ ಎಂದು ನಾವು ತಿಳಿದಿರುತ್ತೇವೆ. ಆ ವಿಚಾರದ ಬೇರು ಮೈಸೂರು ಸಂಸ್ಥಾನದಲ್ಲಿದೆ. ಸಂಸ್ಥಾನದ ಅಧಿಕಾರಿ ಜೆ.ಎಸ್. ಚಕ್ರವರ್ತಿ 1915ರ ಸುಮಾರಿಗೆ ರೈತರಿಗಾಗಿ ಮಳೆ ವಿಮೆಯ ಯೋಜನೆಯೊಂದನ್ನು ಮುಂದಿಟ್ಟರು. 1920ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿದರು.

ಅವರ ವಿಚಾರ ಹೀಗಿತ್ತು. ಒಬ್ಬೊಬ್ಬ ರೈತನ ಹೊಲಕ್ಕೆ ಹೋಗಿ ಎಷ್ಟು ನಷ್ಟವಾಯಿತು ಎಂದು ಅಳೆಯಲು ಆಗುವುದಿಲ್ಲ. ಖರ್ಚು ಹೆಚ್ಚು, ಜಗಳ ಹೆಚ್ಚು, ಮೋಸಕ್ಕೂ ದಾರಿ. ಅದರ ಬದಲು ಒಂದು ಪ್ರದೇಶಕ್ಕೆ ಎಷ್ಟು ಮಳೆ ಬೇಕು ಎಂದು ಮೊದಲೇ ಗೊತ್ತು ಮಾಡಿ, ಅದಕ್ಕಿಂತ ಕಡಿಮೆ ಬಿದ್ದರೆ ಆ ಪ್ರದೇಶದ ಎಲ್ಲ ವಿಮಾದಾರರಿಗೂ ಪರಿಹಾರ ಕೊಡಬೇಕು. ಇದು ನಡೆಯುವ ಮಾತು ಎಂದು ತೋರಿಸಲು ಅವರು 1870ರಿಂದ 1914ರವರೆಗಿನ ಮಳೆಯ ದಾಖಲೆಗಳನ್ನು ಬಳಸಿದರು.

ಇದರಲ್ಲಿ ಒಂದು ದೊಡ್ಡ ಗುಣವಿದೆ. ಮಳೆಮಾಪಕ ಬಯಲಲ್ಲಿರುವ ವಸ್ತು. ಎಷ್ಟು ಮಿಲಿಮೀಟರ್ ಬಿತ್ತು ಎಂಬುದನ್ನು ಕಂಪನಿಯ ಗುಮಾಸ್ತನೂ ನೋಡಬಹುದು, ಶಾಲೆಯ ಮಾಸ್ತರೂ ನೋಡಬಹುದು, ರೈತನೂ ನೋಡಬಹುದು. ಪರಿಹಾರ ಬರುತ್ತದೋ ಇಲ್ಲವೋ ಎಂದು ಊರಿಗೇ ಮೊದಲು ಗೊತ್ತಾಗುತ್ತದೆ.

ಚಕ್ರವರ್ತಿಯವರ ಯೋಜನೆ ಜಾರಿಗೆ ಬರಲಿಲ್ಲ. ಆದರೆ ವಿಚಾರ ಸಾಯಲಿಲ್ಲ. 2007ರಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಪ್ರಾಯೋಗಿಕವಾಗಿ ಕರ್ನಾಟಕದಲ್ಲಿ ಶುರುವಾದಾಗ, ಸಂಸ್ಥಾನದ ಕಾಲದ ಆ ಲೆಕ್ಕವೇ ಹೊಸ ಬಟ್ಟೆ ತೊಟ್ಟು ಬಂದಂತಿತ್ತು. ಇವತ್ತು ಮಾವಿನಂಥ ತೋಟಗಾರಿಕೆ ಬೆಳೆಗಳಿಗೆ ನಮ್ಮಲ್ಲಿ ಇರುವುದು ಇದೇ ಬಗೆಯ ವಿಮೆ.

1938: ಕಂತು ಕಟ್ಟಿದವನಿಗೂ ಒಂದು ಕುರ್ಚಿ

ಇಂದಿಗೂ ನಮ್ಮ ವಿಮಾ ವ್ಯವಸ್ಥೆಗೆ ಅಡಿಪಾಯವಾಗಿರುವುದು 1938ರ ವಿಮಾ ಕಾಯ್ದೆ. ಅದರಲ್ಲಿದ್ದ ಎರಡು ಕಲಮುಗಳನ್ನು ನಮ್ಮ ಓದುಗರು ತಿಳಿದಿರಬೇಕು.

ಒಂದು, 20ನೇ ಕಲಂ. ವಿಮಾ ಕಂಪನಿ ಸರ್ಕಾರಿ ನಿಯಂತ್ರಕರಿಗೆ ಸಲ್ಲಿಸಿದ ಲೆಕ್ಕಪತ್ರಗಳು ಸಾರ್ವಜನಿಕರ ಪರಿಶೀಲನೆಗೆ ತೆರೆದಿರಬೇಕು, ಶುಲ್ಕ ಕೊಟ್ಟರೆ ಯಾರಿಗೇ ಆಗಲಿ ನಕಲು ಕೊಡಬೇಕು. ಮಾಹಿತಿ ಹಕ್ಕು ಕಾಯ್ದೆ ಬರುವುದಕ್ಕೆ 67 ವರ್ಷ ಮೊದಲಿನ ಮಾತು ಇದು.

ಎರಡು, 48ನೇ ಕಲಂ. ಜೀವ ವಿಮಾ ಕಂಪನಿಯ ನಿರ್ದೇಶಕ ಮಂಡಳಿಯಲ್ಲಿ ಕಾಲು ಭಾಗಕ್ಕೆ ಕಡಿಮೆಯಿಲ್ಲದಷ್ಟು ನಿರ್ದೇಶಕರನ್ನು ಪಾಲಿಸಿದಾರರೇ ಚುನಾಯಿಸಬೇಕು. ಅಂದರೆ ಕಂತು ಕಟ್ಟುವವರು ಬರೀ ಗಿರಾಕಿಗಳಲ್ಲ, ಆಡಳಿತದಲ್ಲೂ ಪಾಲುದಾರರು. ಸೊಸೈಟಿಯ ಸಭೆಯ ನೆರಳು ವಿಮಾ ಕಾನೂನಿನ ಮೇಲೂ ಬಿದ್ದಿತ್ತು.

ಈ ಚುನಾವಣೆಗಳು ಎಷ್ಟರ ಮಟ್ಟಿಗೆ ಅರ್ಥಪೂರ್ಣವಾಗಿ ನಡೆದವು ಎಂಬುದು ಬೇರೆ ಚರ್ಚೆ. ಆದರೆ ಕಾನೂನು ಪಾಲಿಸಿದಾರನನ್ನು ಮೇಜಿನ ಬಳಿ ಕೂರಿಸಿತ್ತು ಎಂಬುದು ನಿಜ.

1956: ಸರ್ಕಾರದ ಕೈಗೆ ವಿಮೆ, ಬಯಲಿಗೆ ಬಂದ ಹಗರಣ

1956ರ ಜನವರಿ 19ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಜೀವ ವಿಮೆಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಸೆಪ್ಟೆಂಬರ್ 1ರಂದು ಭಾರತೀಯ ಜೀವ ವಿಮಾ ನಿಗಮ, ನಮ್ಮ ಎಲ್‌ಐಸಿ, ಹುಟ್ಟಿತು. 245 ಖಾಸಗಿ ಕಂಪನಿ ಮತ್ತು ಸೊಸೈಟಿಗಳು ಅದರಲ್ಲಿ ಲೀನವಾದವು. ಎರಡೇ ತಿಂಗಳಲ್ಲಿ, ನವೆಂಬರ್ 1ಕ್ಕೆ, ಧಾರವಾಡ ಮುಂಬಯಿ ರಾಜ್ಯದಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಜನಕ್ಕೆ ಒಂದೇ ವರ್ಷದಲ್ಲಿ ರಾಜ್ಯವೂ ಬದಲಾಯಿತು, ವಿಮೆಯ ಮಾಲೀಕರೂ ಬದಲಾದರು.

ಖಾಸಗಿಯವರ ಕೈಯಲ್ಲಿ ಪಾಲಿಸಿದಾರರ ದುಡ್ಡು ದುರುಪಯೋಗವಾಗುತ್ತಿದೆ ಎಂಬುದು ರಾಷ್ಟ್ರೀಕರಣಕ್ಕೆ ಕೊಟ್ಟ ಒಂದು ಮುಖ್ಯ ಕಾರಣ. ಆ ಆರೋಪದಲ್ಲಿ ಹುರುಳಿತ್ತು. ಆದರೆ ಕಂಪನಿಗಳು ಹೋದಾಗ ಪಾಲಿಸಿದಾರರು ಚುನಾಯಿಸುತ್ತಿದ್ದ ನಿರ್ದೇಶಕರೂ ಹೋದರು. ಸರ್ಕಾರವೇ ಮಾಲೀಕ ಆದ ಮೇಲೆ ಲೆಕ್ಕ ಕೇಳುವವರು ಯಾರು?

ಉತ್ತರ ಮರುವರ್ಷವೇ ಬಂತು. 1957ರಲ್ಲಿ ಎಲ್‌ಐಸಿ, ಹರಿದಾಸ್ ಮುಂಧ್ರಾ ಎಂಬ ಉದ್ಯಮಿಗೆ ಸೇರಿದ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿ ಕೊಟ್ಟು ಕೊಂಡಿತ್ತು. ಹೂಡಿಕೆ ಸಮಿತಿಯನ್ನು ಕೇಳಿಯೇ ಇರಲಿಲ್ಲ. 1957ರ ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಇದನ್ನು ಎತ್ತಿದರು. ಅವರು ಆಳುವ ಪಕ್ಷದ ಸದಸ್ಯರು, ಪ್ರಧಾನಿ ನೆಹರೂ ಅವರ ಅಳಿಯ. ಆದರೂ ಬಿಡಲಿಲ್ಲ.

ತನಿಖೆಗೆ ನೇಮಕವಾದವರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ. 1956ರವರೆಗೆ ಧಾರವಾಡದ ಮೇಲ್ಮನವಿಗಳೂ ಹೋಗುತ್ತಿದ್ದುದು ಅದೇ ಕೋರ್ಟಿಗೆ. ಛಾಗ್ಲಾ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಲಿಲ್ಲ, ಎಲ್ಲರ ಎದುರು ನಡೆಸಿದರು. ಜನ ಎಷ್ಟು ಬಂದರೆಂದರೆ ಒಳಗೆ ಜಾಗ ಸಾಲದೆ ಹೊರಗಿದ್ದವರಿಗೆ ಕೇಳಲು ಧ್ವನಿವರ್ಧಕ ಹಾಕಬೇಕಾಯಿತು. ಅಧಿಕಾರಿಗಳು, ಮಂತ್ರಿಗಳು ಉತ್ತರ ಕೊಟ್ಟಿದ್ದನ್ನು ಕಂತು ಕಟ್ಟಿದ ಸಾಮಾನ್ಯ ಜನ ನೇರವಾಗಿ ಕೇಳಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಛಾಗ್ಲಾ ವರದಿಯ ಒಂದು ಮಾತು ಈಗಲೂ ಹೊಂದುತ್ತದೆ: ಸರ್ಕಾರ ಇಂಥ ಸ್ವಾಯತ್ತ ನಿಗಮದ ಕೆಲಸದಲ್ಲಿ ಕೈ ಹಾಕಬಾರದು, ಹಾಕಲೇಬೇಕೆಂದರೆ ನಿರ್ದೇಶನವನ್ನು ಬರವಣಿಗೆಯಲ್ಲಿ ಕೊಡಬೇಕು. ಬಾಯಿಮಾತಿನ ಆದೇಶಕ್ಕೆ ದಾಖಲೆ ಇರುವುದಿಲ್ಲ. ದಾಖಲೆ ಇಲ್ಲದಿದ್ದರೆ ಲೆಕ್ಕವೂ ಇಲ್ಲ.

ಮಾಲೀಕ ಖಾಸಗಿಯೋ ಸರ್ಕಾರವೋ ಎಂಬ ಜಗಳ ಈಗಲೂ ನಡೆಯುತ್ತಿದೆ. 1958ರ ಪಾಠ ಅದಕ್ಕಿಂತ ಬೇರೆ. ಮಾಲೀಕ ಯಾರೇ ಇರಲಿ, ಬಾಗಿಲು ಮುಚ್ಚಿದರೆ ದುಡ್ಡು ದಾರಿ ತಪ್ಪುತ್ತದೆ. ಅದೇ ಎಲ್‌ಐಸಿ 2022ರ ಮೇ ತಿಂಗಳಲ್ಲಿ ಷೇರುಪೇಟೆಗೆ ಬಂತು. ಈಗ ಮೂರು ತಿಂಗಳಿಗೊಮ್ಮೆ ತನ್ನ ಲೆಕ್ಕವನ್ನು ಬಹಿರಂಗಪಡಿಸುತ್ತದೆ.

ಬೆಳೆ ವಿಮೆ: ಅಳತೆ ಯಾರ ಎದುರು?

ಈಗ ಹೊಲಕ್ಕೆ ಬರೋಣ. ಒಬ್ಬೊಬ್ಬ ರೈತನ ನಷ್ಟ ಅಳೆಯುವ ಪ್ರಯೋಗ 1972ರ ಸುಮಾರಿಗೆ ಗುಜರಾತಿನ ಹತ್ತಿ ಬೆಳೆಯಲ್ಲಿ ನಡೆದು, ನಿಲ್ಲಲಿಲ್ಲ. ಪುಣೆಯ ಅರ್ಥಶಾಸ್ತ್ರಜ್ಞ ವಿ.ಎಂ. ದಾಂಡೇಕರ್ ಪ್ರದೇಶವಾರು ಅಳತೆಯ ವಿಧಾನ ಸೂಚಿಸಿದರು. ಅದರಂತೆ 1979ರಲ್ಲಿ ಪ್ರಾಯೋಗಿಕ ಯೋಜನೆ, 1985ರಲ್ಲಿ ಸಮಗ್ರ ಬೆಳೆ ವಿಮೆ, 1999ರ ಹಿಂಗಾರಿನಿಂದ ರಾಷ್ಟ್ರೀಯ ಕೃಷಿ ವಿಮೆ, 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂದವು. ಹೆಸರು ಬದಲಾದರೂ ಪ್ರದೇಶವಾರು ಅಳತೆ ಉಳಿಯಿತು.

ಈಗಿನ ಯೋಜನೆಯಲ್ಲಿ ರೈತನ ಕಂತು ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಕಂಪನಿ ಕೇಳುವ ದರ ಇದಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ಅದೂ ಜನರ ತೆರಿಗೆ ದುಡ್ಡೇ.

ಬಾಜೂ ಪಂಚಾಯ್ತಿಗೆ ಬಂದು ನಮಗೆ ಬರದಿರುವ ಗುಟ್ಟು ಲೆಕ್ಕದಲ್ಲಿದೆ. ಮುಖ್ಯ ಬೆಳೆಗೆ ವಿಮಾ ಘಟಕ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ಪಂಚಾಯಿತಿಯ ಘಟಕಕ್ಕೆ ಒಂದು ಬೆಳೆಗೆ ನಾಲ್ಕು ಬೆಳೆ ಕಟಾವು ಪ್ರಯೋಗ, ಹೋಬಳಿಗೆ ಹತ್ತು. ಲಾಟರಿಯಂತೆ ಸರ್ವೆ ನಂಬರ್ ಆರಿಸಿ, ಆ ಹೊಲದಲ್ಲಿ ಹೆಚ್ಚಿನ ಬೆಳೆಗಳಿಗೆ ಐದು ಮೀಟರ್ ಉದ್ದ ಐದು ಮೀಟರ್ ಅಗಲದ ಜಾಗ ಗುರುತಿಸಿ, ಕೊಯ್ದು, ತೂಗಿ ಬರೆದುಕೊಳ್ಳುತ್ತಾರೆ. ಈ ತೂಕಗಳ ಸರಾಸರಿಯೇ ಆ ಪಂಚಾಯಿತಿಯ ಆ ವರ್ಷದ ಇಳುವರಿ. ಇದನ್ನು ಹಿಂದಿನ ವರ್ಷಗಳ ಇಳುವರಿಯಿಂದ ಲೆಕ್ಕ ಹಾಕಿದ ಖಾತ್ರಿ ಇಳುವರಿಗೆ ಹೋಲಿಸುತ್ತಾರೆ. ಎಷ್ಟು ಪಾಲು ಕೊರತೆ ಬಿತ್ತೋ ವಿಮಾ ಮೊತ್ತದ ಅಷ್ಟು ಪಾಲು ಪರಿಹಾರ.

ಲೆಕ್ಕಕ್ಕೆಂದು ಒಂದು ಉದಾಹರಣೆ. ಖಾತ್ರಿ ಇಳುವರಿ ಹೆಕ್ಟೇರಿಗೆ 8 ಕ್ವಿಂಟಲ್, ಈ ವರ್ಷ ಬಂದದ್ದು 6 ಕ್ವಿಂಟಲ್ ಎನ್ನಿ. ಕೊರತೆ 2 ಕ್ವಿಂಟಲ್, ಅಂದರೆ ಕಾಲು ಭಾಗ. ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಇದ್ದರೆ ಪರಿಹಾರ 10,000 ರೂಪಾಯಿ. ಬಾಜೂ ಪಂಚಾಯಿತಿಯ ಸರಾಸರಿ 8ಕ್ಕಿಂತ ಮೇಲೆ ಬಂದರೆ ಅಲ್ಲಿ ಪರಿಹಾರ ಸೊನ್ನೆ. ನಡುವೆ ಇರುವುದು ಒಂದು ಬದು ಅಷ್ಟೇ ಇರಬಹುದು.

ನಾಲ್ಕು ಹೊಲದ ತೂಕ ಇಡೀ ಪಂಚಾಯಿತಿಯ ರೈತರ ಹಣೆಬರಹ ಬರೆಯುತ್ತದೆ. ನಾಲ್ಕರಲ್ಲಿ ಒಂದು ಅಳತೆ ತಪ್ಪಿದರೆ ಸಾವಿರಾರು ಎಕರೆಯ ಲೆಕ್ಕ ತಪ್ಪುತ್ತದೆ. ಈ ಕೆಲಸ ಮಾಡುವವರು ಕಂದಾಯ, ಕೃಷಿ, ತೋಟಗಾರಿಕೆ, ಪಂಚಾಯತ್ ರಾಜ್ ಇಲಾಖೆಗಳ ಸಿಬ್ಬಂದಿ. ಮೊಬೈಲ್ ಆ್ಯಪಿನಲ್ಲಿ ಫೋಟೊ, ಸ್ಥಳದ ಗುರುತು ಸಮೇತ ದಾಖಲಿಸಬೇಕು. ವಿಮಾ ಕಂಪನಿಯ ಪ್ರತಿನಿಧಿ ಹಾಜರಿದ್ದು ನೋಡಬಹುದು. ಇಳುವರಿ ಅಂಕಿಯ ಬಗ್ಗೆ ತಕರಾರು ಇದ್ದರೆ ಕಂಪನಿ ಅದನ್ನು ರಾಜ್ಯದ ತಾಂತ್ರಿಕ ಸಮಿತಿಗೆ, ಅಲ್ಲಿಂದ ಕೇಂದ್ರಕ್ಕೆ ಒಯ್ಯಲು ಮಾರ್ಗಸೂಚಿಯಲ್ಲಿ ದಾರಿ ಇದೆ. ರೈತನ ದಾರಿ ದೂರು ಕೊಡುವುದು, ಅದೂ ಹೆಚ್ಚಾಗಿ ಪರಿಹಾರ ಬರದೇ ಹೋದ ಮೇಲೆ. ಅಷ್ಟರಲ್ಲಿ ಹೊಲ ಹರಗಿ ಮುಂದಿನ ಬಿತ್ತನೆಗೆ ಹದ ಮಾಡಿ ಆಗಿರುತ್ತದೆ. ಅಳೆದ ಜಾಗ ತೋರಿಸಲೂ ಆಗದು.

ನಾವು ಸುದ್ದಿಗಾಗಿ ಓಡಾಡುವ ಊರುಗಳಲ್ಲಿ ಕಟಾವು ಪ್ರಯೋಗ ಯಾವ ದಿನ, ಯಾವ ಹೊಲದಲ್ಲಿ ಎಂದು ಕೇಳಿದರೆ ಆ ಹೊಲದವರನ್ನು ಬಿಟ್ಟು ಉಳಿದವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಚಕ್ರವರ್ತಿಯವರ ಮಳೆಮಾಪಕ ಬಯಲಲ್ಲಿತ್ತು. ಈ ತಕ್ಕಡಿ ಬಯಲಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಇದು ನಮ್ಮೊಬ್ಬರ ಮಾತಲ್ಲ. ದೇಶದ ಲೆಕ್ಕ ಪರಿಶೋಧಿಸುವ ಸಿಎಜಿ 2017ರ ವರದಿಯಲ್ಲಿ ಅದಕ್ಕೂ ಹಿಂದಿನ ಬೆಳೆ ವಿಮಾ ಯೋಜನೆಗಳನ್ನು ಪರಿಶೀಲಿಸಿತ್ತು. ಸಮೀಕ್ಷೆಗೆ ಸಿಕ್ಕ ರೈತರಲ್ಲಿ ಬಹುಪಾಲು ಜನರಿಗೆ ಯೋಜನೆಯ ತಿಳಿವಳಿಕೆಯೇ ಇರಲಿಲ್ಲ, ಉಸ್ತುವಾರಿ ಮತ್ತು ದೂರು ಆಲಿಸುವ ವ್ಯವಸ್ಥೆ ದುರ್ಬಲವಾಗಿತ್ತು ಎಂದು ಅದು ಹೇಳಿತು. ಬೆಳೆಸಾಲ ಪಡೆದವರಿಗೆ ವಿಮೆ ಕಡ್ಡಾಯವಿದ್ದ ಕಾಲ ಅದು. ಕಂತು ಸಾಲದ ಖಾತೆಯಲ್ಲೇ ಮುರಿದುಕೊಳ್ಳುತ್ತಿತ್ತು, ಎಷ್ಟೋ ಜನರಿಗೆ ತಾವು ವಿಮಾದಾರರು ಎಂಬುದೇ ಗೊತ್ತಿರುತ್ತಿರಲಿಲ್ಲ. 2020ರ ಮುಂಗಾರಿನಿಂದ ಅದು ಐಚ್ಛಿಕವಾಯಿತು.

ನಮ್ಮ ರಾಜ್ಯದಲ್ಲಿ ಕೆಲವು ಬಾಗಿಲು ತೆರೆದದ್ದೂ ನಿಜ. ‘ಸಂರಕ್ಷಣೆ’ ಪೋರ್ಟಲ್ಲಿನಲ್ಲಿ ಅರ್ಜಿಯ ಸ್ಥಿತಿ ನೋಡಬಹುದು. ಬೆಳೆ ಸಮೀಕ್ಷೆಯಲ್ಲಿ ರೈತರೇ ತಮ್ಮ ಹೊಲದ ಫೋಟೊ ಹಾಕಲು 2020ರಿಂದ ಅವಕಾಶವಿದೆ. ‘ಬೆಳೆ ದರ್ಶಕ’ ಆ್ಯಪಿನಲ್ಲಿ ದಾಖಲಾದ ಬೆಳೆ ನೋಡಿ ಆಕ್ಷೇಪಣೆ ಹಾಕಬಹುದು. ವಿಮೆ ಕಟ್ಟಿದ್ದು ಹೆಸರಿಗೆ, ಸಮೀಕ್ಷೆಯಲ್ಲಿ ದಾಖಲಾದದ್ದು ಗೋವಿನಜೋಳ ಎಂದಾದರೆ ಪರಿಹಾರ ನಿಲ್ಲುವ ಸಂಭವ ಇದೆ. ಆದ್ದರಿಂದ ಇದು ಸಣ್ಣ ಬಾಗಿಲಲ್ಲ.

ಹೈದರಾಬಾದಿನ ಕಚೇರಿ, ರೈತನ ಹೆಸರಿನ ಕುರ್ಚಿ

ಫಸಲ್ ಬಿಮಾ ಯೋಜನೆಯ ನಿಯಮ ಮಾಡುವುದು ಕೇಂದ್ರ ಕೃಷಿ ಇಲಾಖೆ. ಆದರೆ ವಿಮಾ ಕಂಪನಿಗಳ ಮೂಗುದಾರ ಬೇರೆಯವರ ಕೈಯಲ್ಲಿದೆ. 1999ರಲ್ಲಿ ಸಂಸತ್ತು ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಮಾಡಿತು. ಖಾಸಗಿ ಕಂಪನಿಗಳಿಗೆ ಮತ್ತೆ ಬಾಗಿಲು ತೆರೆಯಿತು. ವಿದೇಶಿ ಪಾಲು ಮೊದಲು ಶೇ 26, 2015ರಲ್ಲಿ ಶೇ 49, 2021ರಲ್ಲಿ ಶೇ 74ರವರೆಗೆ ಹೋಯಿತು. ಪ್ರಾಧಿಕಾರದ ಮುಖ್ಯ ಕಚೇರಿ ಹೈದರಾಬಾದಿನಲ್ಲಿದೆ.

ಆ ಕಾಯ್ದೆಯ 25ನೇ ಕಲಮಿನಲ್ಲಿ ವಿಮಾ ಸಲಹಾ ಸಮಿತಿ ಎಂದಿದೆ. ಪದನಿಮಿತ್ತ ಸದಸ್ಯರನ್ನು ಬಿಟ್ಟು 25 ಜನರವರೆಗೆ ಇರಬಹುದು. ವಾಣಿಜ್ಯ, ಉದ್ಯಮ, ಸಾರಿಗೆಯವರ ಜತೆ ಕೃಷಿ ಮತ್ತು ಗ್ರಾಹಕ ವೇದಿಕೆಗಳ ಹಿತವನ್ನೂ ಪ್ರತಿನಿಧಿಸಬೇಕು ಎಂದು ಕಾನೂನೇ ಹೆಸರಿಸಿ ಹೇಳಿದೆ. ಪ್ರಾಧಿಕಾರ ನಿಯಮಾವಳಿ ಮಾಡಬೇಕಾದರೆ ಈ ಸಮಿತಿಯೊಂದಿಗೆ ಸಮಾಲೋಚಿಸಬೇಕು, ಮಾಡಿದ ನಿಯಮಗಳನ್ನು ಸಂಸತ್ತಿನ ಮುಂದಿಡಬೇಕು. ಅಂದರೆ ದೇಶದ ವಿಮಾ ನಿಯಮ ಮಾಡುವ ಮೇಜಿನ ಬಳಿ ಕೃಷಿಯ ಹೆಸರಿನಲ್ಲಿ ಒಂದು ಕುರ್ಚಿ ಇದೆ. ಅದರಲ್ಲಿ ಯಾರು ಕೂರುತ್ತಾರೆ, ಏನು ಮಾತಾಡುತ್ತಾರೆ ಎಂದು ಕೇಳುವುದು ನಮ್ಮ ರೈತ ಸಂಘಟನೆಗಳ ಹಕ್ಕು.

ಇನ್ನೊಂದು ಬಾಗಿಲು ಕರಡು ಪ್ರಕಟಣೆ. ಹೊಸ ನಿಯಮ ತರುವ ಮೊದಲು ಪ್ರಾಧಿಕಾರ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಯಾರು ಬೇಕಾದರೂ ಬರೆಯಬಹುದು. ಆದರೆ ಕರಡಿನ ಭಾಷೆ ನುರಿತ ವಕೀಲರಿಗೇ ಬೆವರಿಳಿಸುವ ಇಂಗ್ಲಿಷ್. ಕಂಪನಿಗಳ ಬಳಿ ಅದನ್ನು ಓದಿ ಉತ್ತರ ಬರೆಯಲೆಂದೇ ಜನರಿದ್ದಾರೆ. ಅಣ್ಣಿಗೇರಿಯ ಕಡಲೆ ಬೆಳೆಗಾರನ ಬಳಿ ಯಾರಿದ್ದಾರೆ? ಬಾಗಿಲು ತೆರೆದಿದೆ, ಆದರೆ ಮೆಟ್ಟಿಲು ಎತ್ತರ.

ಬಾಸೆಲ್: ಸಮುದ್ರದಾಚೆಯ ಮೇಜು

ವಿಮಾ ಕಂಪನಿಯೂ ತಾನೇ ವಿಮೆ ಮಾಡಿಸುತ್ತದೆ. ಇದಕ್ಕೆ ಮರುವಿಮೆ ಎನ್ನುತ್ತಾರೆ. ದೊಡ್ಡ ಬರ ಬಿದ್ದರೆ ಒಂದೇ ಕಂಪನಿ ಅಷ್ಟೂ ಪರಿಹಾರ ಕೊಡಲಾರದು. ಅದಕ್ಕೇ ಹೊರೆಯ ಒಂದು ಪಾಲನ್ನು ಮುಂಬಯಿಯ ಜಿಐಸಿ ರಿ, ಸ್ವಿಟ್ಜರ್ಲೆಂಡಿನ ಸ್ವಿಸ್ ರಿ, ಜರ್ಮನಿಯ ಮ್ಯೂನಿಕ್ ರಿ ಮುಂತಾದ ಮರುವಿಮಾ ಸಂಸ್ಥೆಗಳು ಹೊರುತ್ತವೆ. ಅವು ದರ ಏರಿಸಿದರೆ ಇಲ್ಲಿ ಕಂಪನಿ ಕೇಳುವ ಕಂತೂ ಏರುತ್ತದೆ. ನವಲಗುಂದದ ಎರೆಹೊಲಕ್ಕೂ ಯುರೋಪಿನ ಲೆಕ್ಕದ ಮನೆಗೂ ಹೀಗೆ ಒಂದು ಎಳೆ ಇದೆ.

ದುಡ್ಡು ದೇಶ ದಾಟುವುದರಿಂದ ನಿಯಂತ್ರಕರೂ ಕೂಡಿ ಮಾತಾಡಬೇಕಾಯಿತು. 1994ರಲ್ಲಿ ವಿಮಾ ಮೇಲ್ವಿಚಾರಕರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಅದರ ಕಚೇರಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದೆ. ನಮ್ಮ ಪ್ರಾಧಿಕಾರವೂ ಅದರ ಸದಸ್ಯ. ವಿಮಾ ಕಂಪನಿಯ ಬಳಿ ಎಷ್ಟು ಬಂಡವಾಳ ಇರಬೇಕು, ಗಿರಾಕಿಯನ್ನು ಹೇಗೆ ನಡೆಸಿಕೊಳ್ಳಬೇಕು, ಏನೇನು ಬಹಿರಂಗಪಡಿಸಬೇಕು ಎಂಬ ಮೂಲ ತತ್ವಗಳನ್ನು ಈ ಸಂಘ ರೂಪಿಸುತ್ತದೆ. ಅವು ಕಾನೂನಲ್ಲ, ಆದರೆ ಸದಸ್ಯ ದೇಶಗಳು ತಮ್ಮ ನಿಯಮಗಳನ್ನು ಅವುಗಳಿಗೆ ಹೊಂದಿಸಿಕೊಳ್ಳುತ್ತವೆ. ನಿಯಂತ್ರಕರು ಪಾರದರ್ಶಕವಾಗಿರಬೇಕು ಎಂಬುದೂ ಆ ತತ್ವಗಳಲ್ಲಿದೆ.

2008ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ವಿಮಾ ಕಂಪನಿ ಎಐಜಿ ಮುಳುಗುವ ಹಂತಕ್ಕೆ ಬಂದು, ಅಲ್ಲಿನ ಕೇಂದ್ರೀಯ ಬ್ಯಾಂಕ್ 85 ಶತಕೋಟಿ ಡಾಲರ್ ಸಾಲ ಕೊಟ್ಟು ನಿಲ್ಲಿಸಿತು. ಆ ಮೇಲೆ ಬಾಸೆಲ್‌ನ ಸಂಘದ ಮಾತಿಗೆ ತೂಕ ಹೆಚ್ಚಿತು. ತೂಕ ಹೆಚ್ಚಾದಂತೆ ‘ಒಳಗೆ ಯಾರು ಕೂತಿದ್ದಾರೆ’ ಎಂಬ ಪ್ರಶ್ನೆಯೂ ಎದ್ದಿತು. ಅಲ್ಲಿಯವರೆಗೆ ಶುಲ್ಕ ಕಟ್ಟಿದ ವೀಕ್ಷಕರು ಸಂಘದ ಹಲವು ಸಭೆಗಳಲ್ಲಿ ಕೂರಬಹುದಿತ್ತು. ವೀಕ್ಷಕರಲ್ಲಿ ಹೆಚ್ಚಿನವರು ಕಂಪನಿಗಳ ಕಡೆಯವರು, ಗ್ರಾಹಕರ ಪರ ಮಾತಾಡುವವರು ವಿರಳ. 2014ರ ಅಕ್ಟೋಬರ್‌ನಲ್ಲಿ ಸಂಘ ಈ ವೀಕ್ಷಕ ಪದ್ಧತಿಯನ್ನೇ ರದ್ದು ಮಾಡಲು ತೀರ್ಮಾನಿಸಿತು. 2015ರಿಂದ ಅದು ಜಾರಿಗೆ ಬಂತು.

ಇದಕ್ಕೆ ಎರಡು ಮುಖ. ದುಡ್ಡು ಕಟ್ಟಿದವರಿಗೆ ಕುರ್ಚಿ ಎಂಬ ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ಅದರ ಜತೆಗೆ ಸಭೆಯ ಬಾಗಿಲೂ ಮುಚ್ಚಿತು. ಕಂಪನಿಗಳೂ ವಿರೋಧಿಸಿದವು, ಗ್ರಾಹಕ ಪರ ಹೋರಾಟಗಾರರೂ ವಿರೋಧಿಸಿದರು. ಬದಲಿಗೆ ಬಂದದ್ದು ಲಿಖಿತ ಅಭಿಪ್ರಾಯದ ಪದ್ಧತಿ: ಕರಡು ಪ್ರಕಟಿಸುತ್ತಾರೆ, ಯಾರು ಬೇಕಾದರೂ ಬರೆಯಬಹುದು, ಬಂದ ಅಭಿಪ್ರಾಯಗಳನ್ನು ಮತ್ತು ತಮ್ಮ ಉತ್ತರವನ್ನು ಸಂಘ ಹೊರಗೆ ಹಾಕುತ್ತದೆ. ಕಾಗದದ ಮೇಲೆ ಇದು ಸಮಾನ ಅವಕಾಶ. ವ್ಯವಹಾರದಲ್ಲಿ, ಬರೆಯಲು ಜನ ಇಟ್ಟುಕೊಂಡವರ ದನಿಯೇ ದೊಡ್ಡದಾಗಿ ಕೇಳುತ್ತದೆ.

ಬಾಸೆಲ್‌ನಲ್ಲಿ ಆಗುವುದೂ ನಮ್ಮ ಪಂಚಾಯಿತಿಯಲ್ಲಿ ಆಗುವುದೂ ಬೇರೆ ಅಲ್ಲ. ಎರಡೂ ಕಡೆ ಕೊನೆಯಲ್ಲಿ ಕಾಗದ ಸಿಗುತ್ತದೆ. ತೀರ್ಮಾನವಾಗುವ ಹೊತ್ತಿನಲ್ಲಿ ಹತ್ತಿರ ನಿಲ್ಲಲು ಜಾಗ ಸಿಗುವುದಿಲ್ಲ.

ನಮ್ಮ ಕೈಗೆ ಎಟುಕುವ ಬಾಗಿಲುಗಳು

ಬಾಸೆಲ್‌ಗೆ ಹೋಗುವುದು ಆಗದ ಮಾತು. ಹತ್ತಿರದಲ್ಲಿ ಆಗುವ ಕೆಲವು ಕೆಲಸಗಳಿವೆ.

1. ಪ್ರತಿ ಹಂಗಾಮಿಗೂ ಸರ್ಕಾರದ ಅಧಿಸೂಚನೆ ಬರುತ್ತದೆ. ನಿಮ್ಮ ಪಂಚಾಯಿತಿ ಅಥವಾ ಹೋಬಳಿಗೆ ಯಾವ ಬೆಳೆ, ವಿಮಾ ಮೊತ್ತ ಎಷ್ಟು, ಕಂಪನಿ ಯಾವುದು ಎಂಬುದು ಅದರಲ್ಲಿರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಫೋಟೊ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ.

2. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ದಾಖಲಾಗಿದೆ ಎಂದು ನೋಡಿ. ತಪ್ಪಿದ್ದರೆ ಗಡುವಿನ ಒಳಗೆ ಆಕ್ಷೇಪಣೆ ಹಾಕಿ.

3. ಆಲಿಕಲ್ಲು ಬಿದ್ದೋ ಹೊಲದಲ್ಲಿ ನೀರು ನಿಂತೋ ನಿಮ್ಮ ಬೆಳೆಗೆ ಮಾತ್ರ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕು. 14447 ಸಹಾಯವಾಣಿ ಇದೆ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

4. ಕಟಾವು ಪ್ರಯೋಗಕ್ಕೆ ಯಾವ ಸರ್ವೆ ನಂಬರ್‌ಗಳು ಆಯ್ಕೆಯಾಗಿವೆ, ಯಾವ ದಿನ ಕೊಯ್ಲು ಎಂದು ಕೊಯ್ಲಿಗೆ ಮೊದಲೇ ಪಂಚಾಯಿತಿಗೆ ಲಿಖಿತವಾಗಿ ಕೇಳಿ. ಸದಸ್ಯರೂ ನಾಲ್ಕು ಜನ ರೈತರೂ ಹೊಲಕ್ಕೆ ಹೋಗಿ ನಿಂತು ನೋಡಿ. ಜಗಳ ಬೇಡ. ತಕ್ಕಡಿ ನೋಡಿದರೆ ಸಾಕು.

5. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಪಂಚಾಯಿತಿಯ ಕಟಾವು ಪ್ರಯೋಗದ ತೂಕಗಳನ್ನೂ ಖಾತ್ರಿ ಇಳುವರಿಯ ಲೆಕ್ಕವನ್ನೂ ಕೇಳಬಹುದು. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವಿಲ್ಲ. ಖಾಸಗಿ ಕಂಪನಿಯನ್ನು ನೇರ ಕೇಳಲಾಗದಿದ್ದರೂ ಸರ್ಕಾರಿ ಇಲಾಖೆಯ ಬಳಿ ಇರುವ ದಾಖಲೆ ಕೇಳಬಹುದು. ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು.

ಇವೆಲ್ಲ ಒಬ್ಬೊಬ್ಬರು ಮಾಡುವ ಕೆಲಸ. ವ್ಯವಸ್ಥೆಯೇ ಮಾಡಬೇಕಾದ ಎರಡು ಕೆಲಸಗಳಿವೆ. ಮೊದಲನೆಯದು, ಪರಿಹಾರದ ಲೆಕ್ಕ ಅಂತಿಮವಾಗುವ ಮೊದಲು ಪ್ರತಿ ಪಂಚಾಯಿತಿಯ ಕಟಾವು ಪ್ರಯೋಗದ ತೂಕಗಳನ್ನು ಗ್ರಾಮ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಆಕ್ಷೇಪಣೆಗೆ ಒಂದು ವಾರ ಕೊಡಬೇಕು. ಕಂಪನಿಗೆ ತಕರಾರು ಮಾಡುವ ದಾರಿ ಇರುವ ಹಂತದಲ್ಲೇ ರೈತನಿಗೂ ದಾರಿ ಇರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಖರ್ಚೂ ಇಲ್ಲ. ಎರಡನೆಯದು, ಜನಸಾಮಾನ್ಯರಿಗೆ ತಟ್ಟುವ ವಿಮಾ ನಿಯಮಗಳ ಕರಡು ಕನ್ನಡದಲ್ಲೂ ಬರಬೇಕು, ಕನ್ನಡದಲ್ಲಿ ಬರೆದ ಅಭಿಪ್ರಾಯವನ್ನೂ ಸ್ವೀಕರಿಸಬೇಕು.

ಕಣಗಿನಹಾಳದಲ್ಲಿ ಸಂಘ ಕಟ್ಟಿದವರು ದೊಡ್ಡ ಅರ್ಥಶಾಸ್ತ್ರಜ್ಞರಲ್ಲ, ಒಕ್ಕಲುತನದ ಜನ. ಲೆಕ್ಕ ಸಭೆಗೆ ಬರಬೇಕು ಎಂಬ ನಿಯಮ ಅವರಿಗೆ ಭಾರ ಎನಿಸಲಿಲ್ಲ. ಅದೇ ಜಿಲ್ಲೆಯ ಮಣ್ಣಿನಲ್ಲಿ ಬಿತ್ತಿ ಬೆಳೆಯುವ ನಮಗೆ ಒಂದು ಹೆಸರು ಕಾಳಿನ ತೂಕ ಕೇಳುವುದು ದೊಡ್ಡ ಬೇಡಿಕೆ ಆಗಬಾರದು. ಮುಂದಿನ ಗ್ರಾಮ ಸಭೆಯ ನೋಟಿಸು ಬಂದಾಗ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ ಎಂದು ಒಂದು ಅರ್ಜಿ ಕೊಡಿ. ಪಂಚಾಯಿತಿ ಏನು ಉತ್ತರ ಕೊಟ್ಟಿತು ಎಂದು ನಮಗೂ ತಿಳಿಸಿ, ಅದನ್ನೂ ಬರೆಯುತ್ತೇವೆ.